ಬೇಕಾದರೆ ಕೊಡಿ

ನಮ್ಮ ಆಸ್ಪತ್ರೆಗಳ ಕೇಸ್ ಶೀಟಿನಲ್ಲಿ ನೋವಿನ ಔಷಧದ ಹೆಸರಿನ ಮುಂದೆ ಸಾಮಾನ್ಯವಾಗಿ ಮೂರಕ್ಷರ ಇರುತ್ತದೆ: ಎಸ್‌ಒಎಸ್. ಬೇಕಾದರೆ ಕೊಡಿ ಎಂದು ಅರ್ಥ. ಹಲ್ಲು ಕೀಳಿಸಿಕೊಂಡವರಿಗೆ, ಹರ್ನಿಯಾ ಆಪರೇಷನ್ ಆಗಿ ನಾಲ್ಕು ದಿನಕ್ಕೆ ಮನೆಗೆ ಹೋಗುವವರಿಗೆ ಈ ಮೂರಕ್ಷರ ಸಾಕು. ಅವರ ನೋವು ದಿನ ಕಳೆದಂತೆ ತಾನಾಗಿ ಇಳಿಯುತ್ತದೆ. ದವಡೆಯ ಕ್ಯಾನ್ಸರ್ ಮೂಳೆಯನ್ನು ತಿನ್ನುತ್ತಿರುವವರಿಗೆ, ಗರ್ಭಕಂಠದ ಕ್ಯಾನ್ಸರ್ ಸೊಂಟದ ನರಗಳನ್ನು ಹಿಂಡುತ್ತಿರುವವರಿಗೆ ಅದೇ ಮೂರಕ್ಷರ ಬರೆದರೆ ಏನಾಗುತ್ತದೆ ನೋಡಿ. ನೋವು ಏರಬೇಕು, ರೋಗಿ ನರಳಬೇಕು, ಮಂಚದ ಪಕ್ಕ ನೆಲದ ಮೇಲೆ ಮಲಗಿದ ಮಗಳೋ ಹೆಂಡತಿಯೋ ಎದ್ದು ಸಿಸ್ಟರ್ ಹತ್ತಿರ ಓಡಬೇಕು, ವಾರ್ಡು ತುಂಬ ಜನರನ್ನು ಒಬ್ಬರೇ ನೋಡುತ್ತಿರುವ ಸಿಸ್ಟರ್ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಬೇಕು, ಅವರು ಬಂದು ಬರೆದು ಸಹಿ ಹಾಕಬೇಕು. ಮಾರ್ಫಿನ್ ಆದರೆ ಎರಡು ಬೀಗದ ಕಪಾಟಿನ ಕೀಲಿ ಬೇಕು, ರಿಜಿಸ್ಟರ್ ತುಂಬಬೇಕು. ರಾತ್ರಿ ಎರಡು ಗಂಟೆಗೆ ಇಷ್ಟೆಲ್ಲ ಆಗುವ ಮಾತಲ್ಲ. ಆದ್ದರಿಂದ ಕೈಗೆ ಸಿಕ್ಕಿದ ಡೈಕ್ಲೊಫೆನಾಕ್ ಅಥವಾ ಪೆಂಟಾಜೋಸಿನ್ ಇಂಜೆಕ್ಷನ್ ಬೀಳುತ್ತದೆ. ಪೆಂಟಾಜೋಸಿನ್ ಪರಿಣಾಮ ಬೇಗ ಇಳಿಯುತ್ತದೆ, ಕೆಲವರಿಗೆ ಇಲ್ಲದ್ದನ್ನು ಕಾಣಿಸುತ್ತದೆ, ಒಂದು ಮಟ್ಟದ ಮೇಲೆ ಎಷ್ಟು ಕೊಟ್ಟರೂ ಕೆಲಸ ಮಾಡುವುದಿಲ್ಲ. ಕ್ಯಾನ್ಸರ್ ನೋವಿಗೆ ಅದು ತಕ್ಕ ಮದ್ದಲ್ಲ ಎಂಬುದು ಪಠ್ಯಪುಸ್ತಕದಲ್ಲೇ ಇದೆ. ಆದರೂ ಅದೇ ಬೀಳುತ್ತದೆ, ಏಕೆಂದರೆ ಅದು ಕೈಗೆ ಹತ್ತಿರ.

ಗುಣವಾಗದ ಕಾಯಿಲೆಯವರ ನೋವು ನೀಗುವ ಪದ್ಧತಿ, ಅಂದರೆ ಉಪಶಾಮಕ ಆರೈಕೆ, ನಮ್ಮಲ್ಲಿ ಹೇಗೆ ಬಂತು, ಎಲ್ಲಿ ನಿಂತಿತು, ಯಾವುದು ಅದನ್ನು ತಡೆಯಿತು ಎಂದು ತೂಗಿ ನೋಡುವುದು ಈ ಬರಹದ ಉದ್ದೇಶ. ಮದ್ದು ಇದೆ, ಅಗ್ಗವಾಗಿಯೂ ಇದೆ. ಮರುಕಕ್ಕೂ ಬರವಿಲ್ಲ. ನೋವಿನ ಪಕ್ಕದಲ್ಲಿ ಇಪ್ಪತ್ತನಾಲ್ಕು ಗಂಟೆ ಇರುವ ನರ್ಸಿಗೆ ಮಾತ್ರ ಆ ಮದ್ದು ಕೊಡುವ ಅಧಿಕಾರವಿಲ್ಲ. ಉಳಿದ ಎಲ್ಲ ಕೊರತೆಗಳೂ ಈ ಒಂದು ಕೊರತೆಯ ಹಿಂದೆ ಸಾಲು ನಿಂತಿವೆ ಎಂಬುದು ನನ್ನ ವಾದ.

ಈ ಪದ್ಧತಿಯ ಮೂಲವನ್ನು ನೋಡಿದರೂ ಅಲ್ಲಿ ನರ್ಸೇ ಇದ್ದಾರೆ. ಲಂಡನ್ನಿನ ಸಿಸಿಲಿ ಸಾಂಡರ್ಸ್ (1918–2005) ಎರಡನೆಯ ಮಹಾಯುದ್ಧದ ಕಾಲದಲ್ಲಿ ನರ್ಸಿಂಗ್ ಕಲಿತರು. ಬೆನ್ನುನೋವು ಆ ಕೆಲಸವನ್ನು ಬಿಡಿಸಿತು. ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು. ಸಂಜೆ ಹೊತ್ತು ಸೇಂಟ್ ಲ್ಯೂಕ್ಸ್ ಎಂಬ ಆಸ್ಪತ್ರೆಯಲ್ಲಿ ಸ್ವಯಂಸೇವೆಗೆ ಹೋಗುತ್ತಿದ್ದಾಗ ಅಲ್ಲಿನ ವಾರ್ಡುಗಳಲ್ಲಿ ಒಂದು ಸಂಗತಿ ಕಂಡಿತು: ಸಾವಿನ ಹತ್ತಿರ ಇದ್ದವರಿಗೆ ಬಾಯಿಯ ಮೂಲಕ ಮಾರ್ಫಿನ್ನನ್ನು ಗಡಿಯಾರ ನೋಡಿ ಕೊಡುತ್ತಿದ್ದರು, ರೋಗಿ ಕೇಳುವ ತನಕ ಕಾಯುತ್ತಿರಲಿಲ್ಲ. ಸಾಂಡರ್ಸ್ ಆಮೇಲೆ ವೈದ್ಯಕೀಯ ಓದಿ, ನಲವತ್ತರ ಹೊಸ್ತಿಲಲ್ಲಿ ಡಾಕ್ಟರಾದರು. 1958ರಿಂದ, ಸಾವಿನ ಹತ್ತಿರ ಇದ್ದವರನ್ನು ನೋಡಿಕೊಳ್ಳುವ ಸೇಂಟ್ ಜೋಸೆಫ್ಸ್ ಹಾಸ್ಪಿಸ್‌ನಲ್ಲಿ ಅದೇ ಕ್ರಮವನ್ನು ನೂರಾರು ರೋಗಿಗಳಲ್ಲಿ ಅನುಸರಿಸಿ ದಾಖಲಿಸಿದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಜಗತ್ತು ಅವರನ್ನು ಆಧುನಿಕ ಹಾಸ್ಪಿಸ್ ಚಳವಳಿಯ ತಾಯಿ ಎಂದು ಕರೆಯಿತು. ಅದಕ್ಕೆ ಅವರು ಪೂರ್ತಿ ಅರ್ಹರು. ಆದರೆ ಅವರ ವಿಜ್ಞಾನಕ್ಕೆ ಬೀಜವಾದದ್ದು ಹೆಸರಿಲ್ಲದ ನರ್ಸುಗಳ ವಾರ್ಡಿನ ರೂಢಿ ಎಂಬುದನ್ನು ಚರಿತ್ರೆ ಬರೆಯುವವರು ಅಡಿಟಿಪ್ಪಣಿಗೆ ತಳ್ಳಬಾರದು.

ಆ ರೂಢಿಯ ಹಿಂದಿನ ಲೆಕ್ಕ ಸರಳ. ಬಾಯಿಯ ಮೂಲಕ ತೆಗೆದುಕೊಂಡ ಸಾಧಾರಣ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಆರನೆಯ ಗಂಟೆಗೆ ರೋಗಿ ಕೂಗಿಕೊಂಡಾಗ ಕೊಟ್ಟರೆ, ಏರಿ ಒಡೆದ ಮೇಲೆ ಮಣ್ಣು ಸುರಿದ ಹಾಗೆ. ಹೆಚ್ಚು ಮದ್ದು ಬೇಕು, ಕಡಿಮೆ ಫಲ. ನಾಲ್ಕನೆಯ ಗಂಟೆಗೆ, ನೋವು ತಲೆಯೆತ್ತುವ ಮೊದಲೇ ಕೊಟ್ಟರೆ ಕಡಿಮೆ ಪ್ರಮಾಣ ಸಾಕು. ನಮ್ಮಲ್ಲೂ ಈ ಕ್ರಮ ಬಲ್ಲವರು ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು ಎಂದು ಬರೆದುಕೊಡುತ್ತಾರೆ. ರಾತ್ರಿ ಹತ್ತರದ್ದು ಎರಡರಷ್ಟು, ನಡುರಾತ್ರಿಯಲ್ಲಿ ಎಬ್ಬಿಸಬಾರದೆಂದು. ನಡುವೆ ನೋವು ಮೀರಿ ಬಂದರೆ ದಿನದ ಒಟ್ಟು ಪ್ರಮಾಣದ ಸುಮಾರು ಆರನೆಯ ಒಂದು ಭಾಗವನ್ನು ಹೆಚ್ಚುವರಿಯಾಗಿ ಕೊಡಬಹುದು. ಇದರಲ್ಲಿ ಯಂತ್ರವಿಲ್ಲ, ಆಮದು ತಂತ್ರಜ್ಞಾನವಿಲ್ಲ. ಆಗಿರುವ ಬದಲಾವಣೆ ಒಂದೇ. ನೋವನ್ನು ಸಾಬೀತುಮಾಡಿ, ಬೇಡಿ, ಕಾದು ಮದ್ದು ಪಡೆಯುವ ಕೆಲಸ ರೋಗಿಯಿಂದ ತಪ್ಪಿತು. ಸಮಯಕ್ಕೆ ತಲುಪಿಸುವ ಹೊಣೆ ಆರೈಕೆ ಮಾಡುವವರ ಮೇಲೆ ಬಂತು. ಈ ಹೊಣೆಯ ವರ್ಗಾವಣೆಯೇ ಸಾಂಡರ್ಸ್ ಅವರ ನಿಜವಾದ ಸಾಧನೆ ಎಂದು ನಾನು ತಿಳಿಯುತ್ತೇನೆ. ಹಾಸ್ಪಿಸ್ ಎಂದೊಡನೆ ತೋಟ, ಹೂವು, ಮೆಲುದನಿಗಳನ್ನು ನೆನೆಯುವವರು ಈ ವೇಳಾಪಟ್ಟಿಯನ್ನು ಮರೆಯುತ್ತಾರೆ.

1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿನ ಬಗ್ಗೆ ಒಂದು ಚಿಕ್ಕ ಕೈಪಿಡಿ ತಂದಿತು. ಮೂರು ಮೆಟ್ಟಿಲ ಏಣಿ ಎಂದು ಎಲ್ಲ ವೈದ್ಯ ವಿದ್ಯಾರ್ಥಿಗಳೂ ಬಾಯಿಪಾಠ ಮಾಡುವುದು ಅದನ್ನೇ. ಮೊದಲ ಮೆಟ್ಟಿಲಲ್ಲಿ ಪ್ಯಾರಾಸಿಟಮಾಲ್‌ನಂಥವು, ಎರಡನೆಯದರಲ್ಲಿ ಕೊಡೀನ್‌ನಂಥ ದುರ್ಬಲ ಓಪಿಯಾಯ್ಡ್‌ಗಳು (ಅಫೀಮಿನ ಜಾತಿಯ ಮದ್ದುಗಳು), ಮೂರನೆಯದರಲ್ಲಿ ಮಾರ್ಫಿನ್. ಬಾಯಿಯ ಮೂಲಕ, ಗಡಿಯಾರದ ಪ್ರಕಾರ, ಒಬ್ಬೊಬ್ಬರಿಗೂ ತಕ್ಕಂತೆ ಎಂಬವು ಅದರ ಸೂತ್ರಗಳು. ಬಡ ದೇಶದ ತಾಲ್ಲೂಕು ಆಸ್ಪತ್ರೆಯಲ್ಲೂ ಓದಿ ಪಾಲಿಸಬಹುದಾದಷ್ಟು ಸರಳವಾದ ಬರಹ ಅದು. ವೈದ್ಯಕೀಯದಲ್ಲಿ ಇಷ್ಟು ಕಡಿಮೆ ಪುಟಗಳಲ್ಲಿ ಇಷ್ಟು ಉಪಕಾರ ಮಾಡಿದ ಕೈಪಿಡಿಗಳು ಹೆಚ್ಚಿಲ್ಲ. ಅದರ ದೋಷ ಎರಡನೆಯ ಮೆಟ್ಟಿಲಲ್ಲಿದೆ. ಮಾರ್ಫಿನ್ ಇಡಲು ಹೆದರುವ ಆಸ್ಪತ್ರೆಗಳಿಗೆ ಆ ಮೆಟ್ಟಿಲು ತಂಗುದಾಣವಾಯಿತು. ಆ ಮೆಟ್ಟಿಲಿನ ಔಷಧವಾದ ಟ್ರಮಡಾಲ್ 2018ರ ತನಕ ಮಾದಕ ವಸ್ತು ಕಾಯ್ದೆಯ ಹೊರಗಿತ್ತು. ಬರೆಯುವುದು ಸುಲಭ, ಸಿಗುವುದೂ ಸುಲಭ. ಮೂರನೆಯ ಮೆಟ್ಟಿಲು ಹತ್ತಬೇಕಾದ ರೋಗಿಗಳು ಟ್ರಮಡಾಲ್‌ನಲ್ಲೇ ಉಳಿದರು, ಹಲವರು ಅಲ್ಲೇ ತೀರಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಏಣಿಯನ್ನು ಮುಖ್ಯ ಸೂತ್ರಗಳಿಂದ ತೆಗೆದು ಅನುಬಂಧಕ್ಕೆ ಸರಿಸಿತು, ನೋವು ತೀವ್ರವಾಗಿದ್ದರೆ ನೇರವಾಗಿ ಮಾರ್ಫಿನ್‌ನಿಂದ ಶುರುಮಾಡಬಹುದೆಂಬ ದಾರಿಯನ್ನು ತೆರೆದಿಟ್ಟಿತು. ಸರಿಯಾದ ತಿದ್ದುಪಡಿ, ತಡವಾಗಿ ಬಂತು.

ನಮ್ಮ ದೇಶದಲ್ಲಿ ಆ ಕೈಪಿಡಿ ಬರುವ ಒಂದು ವರ್ಷ ಮೊದಲೇ ಬೇರೊಂದು ಕಾಗದ ಬಂದಿತ್ತು: 1985ರ ಮಾದಕ ವಸ್ತುಗಳ ಕಾಯ್ದೆ, ಎಲ್ಲರೂ ಎನ್‌ಡಿಪಿಎಸ್ ಎನ್ನುವುದು. ಕಳ್ಳಸಾಗಣೆಯವರಿಗೆಂದು ಹೆಣೆದ ಕನಿಷ್ಠ ಹತ್ತು ವರ್ಷದ ಸೆರೆವಾಸದ ಭಯ ಆಸ್ಪತ್ರೆಯ ಔಷಧ ಮಳಿಗೆಗೂ ತಟ್ಟಿತು. ಅಬಕಾರಿ, ಔಷಧ ನಿಯಂತ್ರಣ, ಆರೋಗ್ಯ ಎಂದು ಬೇರೆ ಬೇರೆ ಇಲಾಖೆಗಳ ಲೈಸೆನ್ಸು ಬೇಕಾಯಿತು. ಒಂದು ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. ದೇಶದಲ್ಲಿ ವೈದ್ಯಕೀಯ ಮಾರ್ಫಿನ್ ಬಳಕೆ ಮುಂದಿನ ಹನ್ನೆರಡು ವರ್ಷಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕುಸಿಯಿತು, 1997ರಲ್ಲಿ ಸುಮಾರು 18 ಕಿಲೋಗೆ ಇಳಿಯಿತು. ಇಡೀ ಭಾರತಕ್ಕೆ, ಇಡೀ ವರ್ಷಕ್ಕೆ ಹದಿನೆಂಟು ಕಿಲೋ. ಇದೇ ದೇಶ ಮಧ್ಯಪ್ರದೇಶದ ಮಂದಸೌರ್, ನೀಮಚ್‌ಗಳಲ್ಲಿ, ರಾಜಸ್ಥಾನದ ಚಿತ್ತೋಡಗಢದಲ್ಲಿ ಸರ್ಕಾರದ ಅಪ್ಪಣೆಯಿಂದ ಗಸಗಸೆ ಬೆಳೆಸಿ, ಅಫೀಮನ್ನು ಘಾಜಿಪುರ ಮತ್ತು ನೀಮಚ್‌ನ ಸರ್ಕಾರಿ ಕಾರ್ಖಾನೆಗಳಿಗೆ ತಂದು, ಹೊರದೇಶಗಳ ಔಷಧ ಕಂಪನಿಗಳಿಗೆ ಮಾರುತ್ತ ಬಂದಿದೆ. ಕಚ್ಚಾವಸ್ತು ನಮ್ಮ ಹೊಲದಲ್ಲೇ ಇದ್ದೂ ನಮ್ಮ ವಾರ್ಡಿನಲ್ಲಿ ಮದ್ದಿಲ್ಲ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2017ರಲ್ಲಿ ಲೆಕ್ಕ ಹಾಕಿದಾಗ ಜಗತ್ತಿನಲ್ಲಿ ವರ್ಷಕ್ಕೆ ಹಂಚಿಕೆಯಾಗುವ, ಮಾರ್ಫಿನ್‌ಗೆ ಸಮನಾದ 298.5 ಟನ್ ಓಪಿಯಾಯ್ಡ್‌ಗಳಲ್ಲಿ ಅತಿ ಬಡ ದೇಶಗಳಿಗೆ ಸೇರಿದ್ದು 0.1 ಟನ್. ಭಾರತಕ್ಕೆ ದಕ್ಕಿದ್ದು ಅದರ ಅಗತ್ಯದ ನೂರಕ್ಕೆ ನಾಲ್ಕರಷ್ಟು.

2014ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್‌ನಂಥ ಕೆಲವನ್ನು ಅಗತ್ಯ ಮಾದಕ ಔಷಧಗಳೆಂದು ಪ್ರತ್ಯೇಕಿಸಿ, ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕೆಂದು ಮಾಡಿದರು. ಈ ತಿದ್ದುಪಡಿಗಾಗಿ ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಎರಡು ದಶಕ ಬಾಗಿಲು ತಟ್ಟಿದ್ದರು. ಕಾಗದದ ಮೇಲೆ ಇದು ಒಳ್ಳೆಯ ಕಾನೂನು. ಆದರೆ ಮಾನ್ಯತೆಗೆ ಅರ್ಜಿ ಹಾಕುವುದು ಆಸ್ಪತ್ರೆಯ ಇಚ್ಛೆಗೆ ಬಿಟ್ಟಿದ್ದು. ಅರ್ಜಿ ಹಾಕದ ಆಸ್ಪತ್ರೆಯನ್ನು ಯಾರೂ ಕೇಳುವುದಿಲ್ಲ. ಹಾಕಿದ ಆಸ್ಪತ್ರೆ ಮಾತ್ರ ವರದಿ ಕೊಡುತ್ತ, ತಪಾಸಣೆಗೆ ಉತ್ತರಿಸುತ್ತ ಇರಬೇಕು. ಕೆಲಸ ಮಾಡಿದವರಿಗೆ ಹೊರೆ, ಮಾಡದವರಿಗೆ ನೆಮ್ಮದಿ. ಹೀಗೆ ರೂಪಿಸಿದ ಕಾನೂನಿನಿಂದ ಔಷಧ ಹಳ್ಳಿಗೆ ಹರಿಯುವುದಿಲ್ಲ.

ಅಮೆರಿಕದಲ್ಲಿ ಓಪಿಯಾಯ್ಡ್ ಚಟ ಲಕ್ಷಾಂತರ ಜನರನ್ನು ಕೊಂದ ಸುದ್ದಿ ಬಂದ ಮೇಲೆ ನಮ್ಮ ಹೆದರಿಕೆಗೆ ಹೊಸ ಬಲ ಸಿಕ್ಕಿದೆ. ಆ ದುರಂತ ನಿಜ. ಅದರ ಬೇರು ಬೆನ್ನುನೋವು, ಮಂಡಿನೋವಿನಂಥ ದೀರ್ಘಕಾಲದ ನೋವುಗಳಿಗೂ ಪ್ರಬಲ ಮಾತ್ರೆಗಳನ್ನು ಲಾಭಕ್ಕಾಗಿ ಮಾರಿದ್ದರಲ್ಲಿದೆ. ಮೂರು ತಿಂಗಳು ಬದುಕುವ, ಗಂಟಲಲ್ಲಿ ಗಡ್ಡೆಯಿರುವ ಮನುಷ್ಯನಿಗೆ ಪ್ರಮಾಣ ನೋಡಿ ಕೊಡುವ ಮಾರ್ಫಿನ್‌ಗೂ ಅದಕ್ಕೂ ಹೋಲಿಕೆಯಿಲ್ಲ. ಒಬ್ಬರ ಮಿತಿಮೀರಿದ ಬಳಕೆಗೆ ಇನ್ನೊಬ್ಬರನ್ನು ನರಳಿಸಿ ಪ್ರಾಯಶ್ಚಿತ್ತ ಮಾಡುವುದು ಅನ್ಯಾಯ.

ಇಲ್ಲಿಯ ತನಕ ಹೇಳಿದ್ದು ಮಾತ್ರೆಯ ಮಾತಾಯಿತು. ನೋವು ನೀಗುವುದು ಮಾತ್ರೆಯಲ್ಲಿ ಮುಗಿಯುವುದಿಲ್ಲ, ಮತ್ತು ನರ್ಸಿನ ವಿದ್ಯೆ ಏನೆಂದು ಕಾಣುವುದು ಇಲ್ಲಿಂದ ಮುಂದೆ. ಗುಟ್ಕಾ, ತಂಬಾಕು, ಎಲೆಅಡಿಕೆ ಜಗಿಯುವ ನಮ್ಮ ನಾಡಿನಲ್ಲಿ ಬಾಯಿಯ ಕ್ಯಾನ್ಸರ್ ಬಹಳ. ಅದು ಕೆನ್ನೆಯನ್ನು ತೂತುಮಾಡಿ ಹೊರಗೆ ಬರುತ್ತದೆ. ಗಾಯ ಕೊಳೆಯುತ್ತದೆ, ನಾರುತ್ತದೆ, ನೊಣ ಕೂತು ಹುಳು ಬೀಳುತ್ತದೆ. ಮನೆಯವರು ಮೊದಲು ತಟ್ಟೆ ಬೇರೆ ಮಾಡುತ್ತಾರೆ, ಆಮೇಲೆ ಕೋಣೆ, ಕೊನೆಗೆ ಹಿತ್ತಲಿನ ದನದ ಕೊಟ್ಟಿಗೆಯ ಪಕ್ಕದ ಜಾಗ. ಅವರು ಕೆಟ್ಟವರಲ್ಲ, ಆ ವಾಸನೆಯನ್ನು ಹಗಲುರಾತ್ರಿ ತಡೆದುಕೊಳ್ಳುವುದು ಸುಲಭವಲ್ಲ. ಆ ಗಾಯದ ಮುಂದೆ ಕೂತು, ಟರ್ಪೆಂಟೈನ್ ಎಣ್ಣೆಯ ಹನಿ ಬಿಟ್ಟು, ಹೊರಬರುವ ಹುಳುಗಳನ್ನು ಚಿಮಟದಿಂದ ಒಂದೊಂದಾಗಿ ತೆಗೆದು, ಸಲೈನ್‌ನಲ್ಲಿ ತೊಳೆದು, ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಉದುರಿಸಿ, ಅಂಟದಂತೆ ಒದ್ದೆ ಗಾಜ್ ಇಡುವ ಕೆಲಸ ನರ್ಸಿನದು. ಮೆಟ್ರೊನಿಡಜೋಲ್ ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲೆಡೆ ಸಿಗುವ ಅಗ್ಗದ ಮಾತ್ರೆ. ಗಾಯದ ವಾಸನೆಗೆ ಕಾರಣವಾದ, ಆಮ್ಲಜನಕವಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾಗಳನ್ನು ಅದು ಕೊಲ್ಲುತ್ತದೆ; ಕೆಲವೇ ದಿನಗಳಲ್ಲಿ ವಾಸನೆ ತಗ್ಗುತ್ತದೆ. ವಾಸನೆ ತಗ್ಗಿದ ಮೇಲೆ ಮೊಮ್ಮಕ್ಕಳು ಹತ್ತಿರ ಬರುತ್ತಾರೆ. ಇದನ್ನು ಯಾವ ಏಣಿಯ ಯಾವ ಮೆಟ್ಟಿಲಲ್ಲೂ ಬರೆದಿಲ್ಲ.

ಆ ಡ್ರೆಸ್ಸಿಂಗ್ ಮಾಡುವಾಗ ಜೀವ ಹೋಗುವಷ್ಟು ನೋವಾಗುತ್ತದೆ. ಅರ್ಧ ಗಂಟೆ ಮೊದಲು ಒಂದು ಹೆಚ್ಚುವರಿ ಮಾರ್ಫಿನ್ ಮಾತ್ರೆ ಕೊಟ್ಟರೆ ರೋಗಿ ತಡೆದುಕೊಳ್ಳುತ್ತಾರೆ. ಡ್ರೆಸ್ಸಿಂಗ್ ಯಾವಾಗ ಮಾಡುತ್ತೇನೆಂದು ಗೊತ್ತಿರುವುದು ನರ್ಸಿಗೆ ಮಾತ್ರ. ಮಾತ್ರೆ ಕೊಡುವ ಅಧಿಕಾರ ಇರುವುದು ಇನ್ನೊಬ್ಬರಿಗೆ. ಆ ಇನ್ನೊಬ್ಬರು ರೌಂಡ್ಸ್ ಮುಗಿಸಿ ಹೋಗಿಯಾಗಿದೆ. ಇಡೀ ಸಮಸ್ಯೆಯನ್ನು ಒಂದೇ ಮಂಚದ ಬಳಿ ನೋಡಬೇಕೆನ್ನುವವರು ಈ ಅರ್ಧ ಗಂಟೆಯನ್ನು ನೋಡಿದರೆ ಸಾಕು.

ಮಲಬದ್ಧತೆಯ ವಿಷಯವೂ ಹೀಗೆಯೇ. ಮಾರ್ಫಿನ್ ಕೊಟ್ಟ ಹೆಚ್ಚುಕಡಿಮೆ ಎಲ್ಲರಿಗೂ ಮಲ ಕಟ್ಟುತ್ತದೆ. ಓಕರಿಕೆ, ಮಂಪರು ಕೆಲವು ದಿನಗಳಲ್ಲಿ ಕಳೆಯುತ್ತವೆ, ಇದು ಮಾತ್ರ ಕಳೆಯುವುದಿಲ್ಲ. ಆದ್ದರಿಂದ ಮೊದಲ ಮಾತ್ರೆಯ ಜೊತೆಗೇ ಭೇದಿ ಮಾತ್ರೆಯೂ ಹೋಗಬೇಕು. ಚೀಟಿಯಲ್ಲಿ ಅದನ್ನು ಬರೆಯಲು ಮರೆತರೆ ವಾರದೊಳಗೆ ರೋಗಿ ಹೊಟ್ಟೆಯುಬ್ಬರದಿಂದ ಒದ್ದಾಡಿ, ಮಾರ್ಫಿನ್ ಸಹವಾಸವೇ ಬೇಡವೆಂದು ನಿಲ್ಲಿಸಿಬಿಡುತ್ತಾರೆ. ಮುಜುಗರದಿಂದ ಡಾಕ್ಟರಿಗೆ ಹೇಳುವುದಿಲ್ಲ. ಬೆಳಿಗ್ಗೆ ಹಾಸಿಗೆ ಸರಿಮಾಡುತ್ತ “ಹೊರಗೆ ಹೋದ್ರಾ ಅಜ್ಜ? ಎಷ್ಟು ದಿನ ಆಯ್ತು?” ಎಂದು ಕೇಳುವ ಸಿಸ್ಟರಿಗೆ ಹೇಳುತ್ತಾರೆ. ನೋವಿನ ಸ್ವಭಾವವನ್ನೂ ಅವರಿಗೇ ಹೇಳುತ್ತಾರೆ. ಕರೆಂಟ್ ಹೊಡೆದ ಹಾಗೆ, ಮೆಣಸಿನಪುಡಿ ಎರಚಿದ ಹಾಗೆ ಉರಿ ಎಂದರೆ ನರದ ನೋವು. ಮಾರ್ಫಿನ್ ಒಂದೇ ಸಾಲದು, ಅಮಿಟ್ರಿಪ್ಟಿಲಿನ್ ಅಥವಾ ಗಾಬಪೆಂಟಿನ್ ಸೇರಬೇಕು. ತಿರುಗಿ ಮಲಗಿದಾಗ ಮಾತ್ರ ಚುಚ್ಚಿದರೆ ಮೂಳೆಯ ನೋವು. ಒಂದೇ ಸಲದ ರೇಡಿಯೇಷನ್ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ನೆಮ್ಮದಿ ಕೊಡುತ್ತದೆ. ಈ ಮಾತುಗಳನ್ನು ಕೇಳಿಸಿಕೊಳ್ಳಲು ಹೊತ್ತು ಬೇಕು. ಹೊರರೋಗಿ ವಿಭಾಗದ ಸಾಲಿನಲ್ಲಿ ನಾಲ್ಕು ನಿಮಿಷ ಸಿಗುವ ವೈದ್ಯರಿಗೆ ಅದು ಸಿಗುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಎಲ್ಲ ನೋವೂ ಹೋಗುತ್ತದೆಂದು ಮಾತು ಕೊಡುವುದು ಸುಳ್ಳು. ಉತ್ತಮ ಕೈಗಳಲ್ಲೂ ಕೆಲವು ನೋವುಗಳು ಅರ್ಧಕ್ಕೆ ಮಾತ್ರ ಇಳಿಯುತ್ತವೆ, ಕೊನೆಯ ಕೆಲವು ದಿನ ನಿದ್ದೆಯ ಔಷಧ ಕೊಟ್ಟು ಮಲಗಿಸಬೇಕಾದ ಪ್ರಸಂಗಗಳೂ ಇವೆ. ಸಾಂಡರ್ಸ್ ಅವರೇ ದೇಹದ ನೋವಿನ ಜೊತೆ ಮನಸ್ಸಿನ, ಸಂಸಾರದ, ನಂಬಿಕೆಯ ನೋವುಗಳನ್ನು ಸೇರಿಸಿ ಒಟ್ಟು ನೋವು ಎಂದಿದ್ದು ಇದಕ್ಕೇ. ಮಗಳ ಮದುವೆಯ ಸಾಲ ತೀರಿಲ್ಲವೆಂಬ ಸಂಕಟ ಮಾರ್ಫಿನ್‌ಗೆ ಬಗ್ಗುವುದಿಲ್ಲ. ಶಾಂತವಾದ ಸಾವು, ನಗುಮೊಗದ ವಿದಾಯ ಎಂಬ ಪ್ರಚಾರದ ಮಾತುಗಳು ನನಗೆ ಹಿಡಿಸುವುದಿಲ್ಲ. ಮುಖ ಗಂಟುಹಾಕಿಕೊಂಡು, ಕೋಪದಲ್ಲೇ ಸಾಯುವವರಿಗೂ ನೋವಿಲ್ಲದೆ ಸಾಯುವ ಹಕ್ಕಿದೆ.

ಕುಟುಂಬದ ಕಡೆಯಿಂದ ಬರುವ ಅಡ್ಡಿಗಳನ್ನೂ ಮುಚ್ಚಿಡಬಾರದು. “ಅವರಿಗೆ ಮಾತ್ರ ಹೇಳಬೇಡಿ ಸಾರ್” ಎಂಬುದು ನಮ್ಮ ಕ್ಯಾನ್ಸರ್ ಆಸ್ಪತ್ರೆಗಳ ಕಾರಿಡಾರಿನಲ್ಲಿ ಅತಿ ಹೆಚ್ಚು ಕೇಳುವ ಮಾತು. ಪ್ರೀತಿಯಿಂದಲೇ ಹುಟ್ಟಿದ ಮಾತು ಅದು. ಆದರೆ ರೋಗಿಗೆ ಗೊತ್ತಾಗಿಯೇ ಇರುತ್ತದೆ. ಎಲ್ಲರೂ ಸುಳ್ಳಾಡುತ್ತಿರುವ ಮನೆಯಲ್ಲಿ ಅವರು ಒಂಟಿಯಾಗುತ್ತಾರೆ. ಮಾರ್ಫಿನ್ ಎಂದೊಡನೆ “ಕೊನೆಗಾಲ ಬಂತಾ?” ಎಂಬ ಪ್ರಶ್ನೆ ಏಳುತ್ತದೆ. ಮಾರ್ಫಿನ್ ಕೊಟ್ಟರೆ ಬೇಗ ಹೋಗಿಬಿಡುತ್ತಾರೆಂಬ ಭಯ ಓದಿದವರಲ್ಲೂ ಇದೆ. 5 ಅಥವಾ 10 ಮಿಲಿಗ್ರಾಂನಿಂದ ಶುರುಮಾಡಿ ನೋವನ್ನು ನೋಡುತ್ತ ಏರಿಸುತ್ತ ಹೋದರೆ ಉಸಿರು ನಿಲ್ಲುವುದಿಲ್ಲ. ಅಪಾಯಕ್ಕೆ ಎಷ್ಟೋ ಮೊದಲು ವಿಪರೀತ ಮಂಪರು ಮುನ್ಸೂಚನೆ ಕೊಡುತ್ತದೆ, ಬಲ್ಲ ನರ್ಸ್ ಅದನ್ನು ಗುರುತಿಸುತ್ತಾರೆ. ಇನ್ನು ಕರ್ಮ ಅನುಭವಿಸಿಯೇ ತೀರಿಸಬೇಕು ಎನ್ನುವ ಹಿರಿಯರ ಮಾತು. ತನ್ನ ನೋವಿನ ಬಗ್ಗೆ ಯಾರಾದರೂ ಹಾಗೆ ನಂಬಿದರೆ ಕೈಮುಗಿಯುತ್ತೇನೆ. ಇನ್ನೊಬ್ಬರ ನೋವಿನ ಬಗ್ಗೆ ಹಾಗೆ ಹೇಳುವ ಹಕ್ಕು ಯಾರಿಗೂ ಇಲ್ಲ.

ಕರ್ನಾಟಕದಲ್ಲಿ ಈ ಪದ್ಧತಿಯ ಅತ್ಯುತ್ತಮ ರೂಪ ಬೆಂಗಳೂರಿನ ಕರುಣಾಶ್ರಯ. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರ ರೋಟರಿ ಕ್ಲಬ್ ಸೇರಿ 1994ರಲ್ಲಿ ಕಟ್ಟಿದ ಟ್ರಸ್ಟ್ ಮೊದಲು ಮನೆಮನೆಗೆ ಹೋಗಿ ಆರೈಕೆ ಶುರುಮಾಡಿತು. ಮಾರತ್ತಹಳ್ಳಿಯ ಕಡೆ ಹಾಸ್ಪಿಸ್ ತೆರೆದದ್ದು 1999ರಲ್ಲಿ. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಕಟ್ಟಡ ನೀರಿನ ಕೊಳದ ಸುತ್ತ ಹರಡಿಕೊಂಡಿದೆ, ಮಲಗಿದವರ ಕಣ್ಣಿಗೆ ಆಕಾಶ ಕಾಣುತ್ತದೆ. ನಾನು ಮೆಚ್ಚುವುದು ಇದಕ್ಕಿಂತ ಹೆಚ್ಚಾಗಿ ಅಲ್ಲಿಯ ಆದ್ಯತೆಗಳ ಕ್ರಮವನ್ನು. ದೊಡ್ಡ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ನಡುನಡುವೆ ಸಮಯ ಸಿಕ್ಕರೆ ಮಾಡುವ ಕೆಲಸಗಳು, ಬಾಯಿ ಒರೆಸುವುದು, ಮಗ್ಗುಲು ಬದಲಿಸುವುದು, ಗಾಯ ತೊಳೆಯುವುದು, ಪಕ್ಕದಲ್ಲಿ ಕೂರುವುದು, ಹಾಸ್ಪಿಸ್‌ನಲ್ಲಿ ದಿನದ ಮುಖ್ಯ ಕಾರ್ಯಕ್ರಮ. ಮೂರು ದಶಕಗಳಿಂದ ಈ ನಗರದ ಎಷ್ಟೋ ಬಡವರಿಗೆ ಶ್ರೀಮಂತರಿಗೂ ಸಿಗದ ಆರೈಕೆ ಅಲ್ಲಿ ಸಿಕ್ಕಿದೆ.

ಆದರೆ ವಿಮರ್ಶೆ ಮೆಚ್ಚುಗೆಯಲ್ಲಿ ನಿಲ್ಲಬಾರದು. ಭಾರತದಲ್ಲಿ ವರ್ಷಕ್ಕೆ ಸುಮಾರು 14 ಲಕ್ಷ ಹೊಸ ಕ್ಯಾನ್ಸರ್ ರೋಗಿಗಳು. ಅವರಲ್ಲಿ ಹೆಚ್ಚಿನವರು ಬರುವುದೇ ರೋಗ ಮುಂದುವರಿದ ಮೇಲೆ. ಹಾಸ್ಪಿಸ್ ಎಷ್ಟೇ ಚೆನ್ನಾಗಿದ್ದರೂ ಅದು ದಾನದಿಂದ ನಡೆಯುವ, ನಗರದಲ್ಲಿರುವ, ಮಂಚಗಳ ಲೆಕ್ಕವಿರುವ ಜಾಗ. ಒಂದು ಮಾದರಿ ಕಣ್ಣೆದುರು ಇರುವುದರಿಂದಲೇ ಸರ್ಕಾರಕ್ಕೆ ಸಮಾಧಾನ ಸಿಕ್ಕಿಬಿಡುವ ಅಪಾಯವೂ ಇದೆ. ಹಾಸ್ಪಿಸ್‌ನ ಕಟ್ಟಡವನ್ನು ಜಿಲ್ಲೆ ಜಿಲ್ಲೆಗೂ ಒಯ್ಯಲಾಗದು. ಅಲ್ಲಿಯ ವೇಳಾಪಟ್ಟಿ, ಗಾಯ ತೊಳೆಯುವ ಸಾಮಾನಿನ ಬುಟ್ಟಿ, ನರ್ಸಿನ ಮಾತಿಗೆ ಇರುವ ತೂಕ ಇವನ್ನು ಒಯ್ಯಬಹುದು.

ಕೇರಳ ಒಯ್ದಿತು. 1993ರಲ್ಲಿ ಕೋಯಿಕ್ಕೋಡಿನಲ್ಲಿ ಡಾ. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಶುರುಮಾಡಿದ ಸೊಸೈಟಿಯ ಕೆಲಸ ಊರಿನ ಸ್ವಯಂಸೇವಕರ ಜಾಲವಾಗಿ ಮಲಪ್ಪುರಂ ಕಡೆ ಹಬ್ಬಿತು. 2008ರಲ್ಲಿ ರಾಜ್ಯವೇ ನೀತಿ ರೂಪಿಸಿತು. ಪಂಚಾಯಿತಿಗಳು ತರಬೇತಿ ಪಡೆದ ನರ್ಸನ್ನು ನೇಮಿಸಿಕೊಂಡು ಮನೆಗಳಿಗೆ ಕಳಿಸಿದವು. ನಮ್ಮ ಗಡಿಯಾಚೆ ಕಾಸರಗೋಡಿನಲ್ಲಿ ಕನ್ನಡ ಮಾತಾಡುವ ಅಜ್ಜಿಗೆ ಮನೆಬಾಗಿಲಿಗೆ ಬರುವ ನರ್ಸ್ ಇದ್ದಾರೆ, ಗಡಿಯೀಚೆ ಅದೇ ಭಾಷೆ ಮಾತಾಡುವ ಅಜ್ಜಿಗೆ ಅದು ಖಾತ್ರಿಯಿಲ್ಲ. ಇಷ್ಟು ಹೇಳಿದ ಮೇಲೂ ಕೇರಳದ ಪದ್ಧತಿಯಲ್ಲಿ ಎರಡು ಬಿರುಕುಗಳು ಕಾಣುತ್ತವೆ. ಒಂದು, ಅದು ಸ್ವಯಂಸೇವಕರ ಉತ್ಸಾಹದ ಮೇಲೆ ನಿಂತಿದೆ. ಉತ್ಸಾಹ ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ತಾನಾಗಿ ಇಳಿದು ಬರುವುದಿಲ್ಲ. ಎರಡು, ಮನೆಗೆ ಹೋಗುವ ಆ ನರ್ಸೂ ಮಾರ್ಫಿನ್‌ಗಾಗಿ ವೈದ್ಯರ ಚೀಟಿಯನ್ನೇ ಕಾಯಬೇಕು. ಇದರ ಜೊತೆಗೆ ಇನ್ನೊಂದು ಮಾತು: ಮನೆ ಆರೈಕೆಯ ಬಗ್ಗೆ ಬರೆಯುವವರೆಲ್ಲ ಕುಟುಂಬ ಎಂಬ ಪದ ಬಳಸುತ್ತಾರೆ. ಹತ್ತಿರ ಹೋಗಿ ನೋಡಿದರೆ ಅಲ್ಲಿರುವುದು ಒಬ್ಬ ಹೆಂಗಸು: ಹೆಂಡತಿ, ಸೊಸೆ, ಮದುವೆಯಾಗದ ಮಗಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವವಳು ಅವಳು, ಕೂಲಿ ಬಿಟ್ಟವಳೂ ಅವಳು. ಅವಳ ಹೆಸರಿಗೆ ಒಂದು ಪೈಸೆ ಭತ್ಯೆಯಿಡದ ಮನೆ ಆರೈಕೆ ಯೋಜನೆಯನ್ನು ನಾನು ಪೂರ್ಣವೆಂದು ಒಪ್ಪುವುದಿಲ್ಲ.

ಕರ್ನಾಟಕವೂ 2016ರಲ್ಲಿ ಉಪಶಾಮಕ ಆರೈಕೆಯ ನೀತಿಯೊಂದನ್ನು ಮಾಡಿತು. ಕೇರಳ, ಮಹಾರಾಷ್ಟ್ರಗಳ ನಂತರದ ಸ್ಥಾನ ನಮ್ಮದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಅನುಸರಿಸಿ, ಚೇತರಿಕೆಯ ಆಸೆಯಿಲ್ಲದವರ ಜೀವರಕ್ಷಕ ಸಾಧನಗಳನ್ನು ತೆಗೆಯಲು ವೈದ್ಯಕೀಯ ಮಂಡಳಿಗಳು ಇರಬೇಕೆಂಬ ಆದೇಶವನ್ನೂ ಹೊರಡಿಸಿತು. ಘನತೆಯ ಸಾವಿನ ಹಕ್ಕು ಎಂದು ಪತ್ರಿಕೆಗಳು ದೊಡ್ಡದಾಗಿ ಬರೆದವು. ಆದೇಶ ಸ್ವಾಗತಾರ್ಹ, ಐಸಿಯುಗಳಲ್ಲಿ ಅದು ಬೇಕಿತ್ತು. ಆದರೆ ವೆಂಟಿಲೇಟರಿನ ಹತ್ತಿರ ತಲುಪುವವರು ಸಾಯುವವರಲ್ಲಿ ಕೆಲವರು. “ಇನ್ನು ನಮ್ಮ ಕೈಲಿ ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ” ಎನ್ನಿಸಿಕೊಂಡು ಆಂಬುಲೆನ್ಸಿಗೂ ದುಡ್ಡಿಲ್ಲದೆ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಊರಿಗೆ ಹೋಗುವವರಿಗೆ ತೆಗೆಸಬೇಕಾದ ಕೊಳವೆಯೇ ಇಲ್ಲ. ಅವರ ಘನತೆ ಹತ್ತು ಮಿಲಿಗ್ರಾಂ ಮಾತ್ರೆಯಲ್ಲಿದೆ, ಒಂದಕ್ಕೆ ಕೆಲವೇ ರೂಪಾಯಿ. ಮಾನ್ಯತೆಯಿರುವ ಆಸ್ಪತ್ರೆ ದೂರದ ನಗರದಲ್ಲಿದ್ದರೆ, ಎರಡು ವಾರಕ್ಕೊಮ್ಮೆ ಆ ಮಾತ್ರೆ ತರಲು ಹೋಗುವ ಮಗನ ಬಸ್ ಚಾರ್ಜು ಮತ್ತು ಕಳೆದುಕೊಳ್ಳುವ ಕೂಲಿ ಮಾತ್ರೆಯ ಬೆಲೆಯನ್ನು ಎಷ್ಟೋ ಪಟ್ಟು ಮೀರುತ್ತದೆ.

ಇದಕ್ಕೆ ಬೇಕಾದ ಮನುಷ್ಯರು ಈಗಾಗಲೇ ಹಳ್ಳಿಯಲ್ಲಿದ್ದಾರೆ. ಉಪಕೇಂದ್ರಗಳಲ್ಲಿ ನೇಮಕವಾಗಿರುವ ಸಮುದಾಯ ಆರೋಗ್ಯ ಅಧಿಕಾರಿಗಳು ಬಹುತೇಕ ನರ್ಸಿಂಗ್ ಪದವೀಧರರು. ಅವರು ಕೊಡಬೇಕಾದ ಹನ್ನೆರಡು ಸೇವೆಗಳ ಪಟ್ಟಿಯಲ್ಲಿ ವೃದ್ಧರ ಮತ್ತು ಉಪಶಾಮಕ ಆರೈಕೆಯೂ ಇದೆ. ಬಿಪಿ, ಶುಗರ್ ನೋಡುವ ಅವರ ಚೀಲದಲ್ಲಿ ಮಾರ್ಫಿನ್ ಇಲ್ಲ, ಅದನ್ನು ಬರೆಯುವ ಅಧಿಕಾರವೂ ಇಲ್ಲ. ಪಟ್ಟಿಯಲ್ಲಿ ಸೇವೆಯ ಹೆಸರು ಬರೆದು ಸಾಧನವನ್ನು ಕೊಡದೆ ಇರುವುದು ಆ ನರ್ಸುಗಳಿಗೂ ಅನ್ಯಾಯ. ನೋವಿನ ಮನೆಗೆ ಹೋಗಿ ಪ್ಯಾರಾಸಿಟಮಾಲ್ ಕೊಟ್ಟು ಬರುವುದು ಅವರನ್ನೂ ಒಳಗೊಳಗೇ ಸವೆಸುತ್ತದೆ.

ಈ ಅಧಿಕಾರವನ್ನು ನರ್ಸುಗಳಿಗೆ ಕೊಟ್ಟ ಉಗಾಂಡ ನಮಗಿಂತ ಬಡ ದೇಶ. ಡಾ. ಆನ್ ಮೆರಿಮನ್ 1993ರಲ್ಲಿ ಅಲ್ಲಿ ಹಾಸ್ಪಿಸ್ ಶುರುಮಾಡಿ, ಪುಡಿಯಿಂದ ದ್ರವ ಮಾರ್ಫಿನ್ ತಯಾರಿಸಿ ಬಾಟಲಿಯಲ್ಲಿ ಮನೆಗೆ ಕೊಡುವ ಕ್ರಮ ತಂದರು. ವೈದ್ಯರು ಸಾಲದ ಆ ದೇಶ 2004ರಲ್ಲಿ ಕಾನೂನು ಬದಲಿಸಿ, ವಿಶೇಷ ತರಬೇತಿ ಪಡೆದ ನರ್ಸುಗಳಿಗೆ ಮಾರ್ಫಿನ್ ಬರೆಯುವ ಅಧಿಕಾರ ಕೊಟ್ಟಿತು. ನರ್ಸುಗಳಿಗೆ ಕೊಟ್ಟರೆ ದುರುಪಯೋಗವಾಗುತ್ತದೆ ಎಂಬ ಆಕ್ಷೇಪ ನಮ್ಮಲ್ಲಿ ಮೊದಲು ಏಳುತ್ತದೆ. ಎರಡು ಬೀಗದ ಕಪಾಟಿನ ಕೀಲಿ ಇವತ್ತು ಯಾರ ಸೊಂಟದಲ್ಲಿದೆ? ರಿಜಿಸ್ಟರಿನಲ್ಲಿ ಖಾಲಿ ಆಂಪೂಲ್ ಲೆಕ್ಕ ಕೊಡುವವರು ಯಾರು? ಕಾಯುವ ಜವಾಬ್ದಾರಿಗೆ ನಂಬಿಕಸ್ಥರಾದವರು ಕೊಡುವ ಅಧಿಕಾರಕ್ಕೆ ನಂಬಿಕಸ್ಥರಲ್ಲ ಎನ್ನುವ ವಾದ ನಿಲ್ಲುವುದಿಲ್ಲ. ಮೊದಲ ಚೀಟಿಯನ್ನು ವೈದ್ಯರೇ ಬರೆಯಲಿ. ಅದರ ಮೇಲೆ ನಿಗದಿತ ಮಿತಿಯೊಳಗೆ ಪ್ರಮಾಣ ಏರಿಸುವುದು, ಡ್ರೆಸ್ಸಿಂಗಿಗೆ ಮೊದಲಿನ ಹೆಚ್ಚುವರಿ ಮಾತ್ರೆ, ಮುಗಿಯುವ ಮೊದಲು ಮುಂದಿನ ಎರಡು ವಾರದ ಸರಬರಾಜು, ಈ ಮೂರನ್ನು ತರಬೇತಿ ಪಡೆದ ನರ್ಸಿಗೆ ಬಿಡುವಂತೆ ನಿಯಮ ತಿದ್ದಲಿ. ತಾಲ್ಲೂಕಿಗೆ ಇಬ್ಬರಂತೆ ನರ್ಸುಗಳನ್ನು ಈಗಾಗಲೇ ಇರುವ ಆರು ವಾರದ ಉಪಶಾಮಕ ಆರೈಕೆಯ ಕೋರ್ಸಿಗೆ ಸಂಬಳ ಸಹಿತ ಕಳಿಸಲಿ, ತಾಲ್ಲೂಕು ಆಸ್ಪತ್ರೆ ಮಾರ್ಫಿನ್ ಮಾನ್ಯತೆ ಪಡೆಯುವುದನ್ನು ಕಡ್ಡಾಯ ಮಾಡಲಿ. ಜಿಲ್ಲಾ ಮಟ್ಟದ ಪರಿಶೀಲನಾ ಸಭೆಯಲ್ಲಿ ಹೆರಿಗೆ, ಲಸಿಕೆಗಳ ಅಂಕಿಗಳನ್ನು ಕೇಳುವಾಗ ಈ ತಿಂಗಳು ಎಷ್ಟು ಮನೆಗಳಿಗೆ ಮಾರ್ಫಿನ್ ತಲುಪಿತು, ಎಷ್ಟು ಮನೆಗಳಲ್ಲಿ ಮಧ್ಯೆ ಮುಗಿದುಹೋಯಿತು ಎಂದೂ ಕೇಳಲಿ, ಉತ್ತರವನ್ನು ಆ ನರ್ಸಿನ ಬಾಯಿಂದಲೇ ಕೇಳಲಿ.